ಮಕ್ಕಳ ಡಿಜಿಟಲ್ ಕಲಿಕೆ: ಅದರ ಉಪಯೋಗವನ್ನು ಯಾರಿಗೆ, ಯಾವ ದಾರಿಯಲ್ಲಿ ಹೇಳಬೇಕು?

ನೀವು ಮಕ್ಕಳಿಗೆ ಓದು, ಲೆಕ್ಕ ಕಲಿಸುವ ಒಂದು ಆ್ಯಪ್ ಮಾಡಿದ್ದೀರಿ ಅಂದುಕೊಳ್ಳಿ. ಅಥವಾ ಊರ ಸರ್ಕಾರಿ ಶಾಲೆಯಲ್ಲಿ ಹತ್ತು ಟ್ಯಾಬ್ ಇಟ್ಟುಕೊಂಡು ಸಂಜೆ ತರಗತಿ ನಡೆಸುತ್ತಿದ್ದೀರಿ. ಕೆಲಸ ಒಳ್ಳೆಯದೇ. ಆದರೆ ಅದು ಮುಂದುವರಿಯಬೇಕಾದರೆ ಬೇರೆಯವರ ಒಪ್ಪಿಗೆ ಬೇಕು. ಅಪ್ಪ ಅಮ್ಮ ಮಗುವನ್ನು ಕಳಿಸಬೇಕು. ಮೇಷ್ಟ್ರು ಸಮಯ ಬಿಟ್ಟುಕೊಡಬೇಕು. ಬಿಇಒ ಕಚೇರಿಯವರು ಅನುಮತಿ ಕೊಡಬೇಕು. ಯಾರಾದರೂ ದುಡ್ಡು ಹಾಕಬೇಕು. ಇವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಇದರಿಂದ ಮಕ್ಕಳಿಗೆ ಏನು ಸಿಗುತ್ತದೆ?

ಉತ್ತರ ಹೇಳುವುದಕ್ಕೆ ಹಲವು ದಾರಿಗಳಿವೆ. ಯಂತ್ರವನ್ನೇ ತೋರಿಸಬಹುದು. ಎಷ್ಟು ಮಕ್ಕಳನ್ನು ಮುಟ್ಟಿದ್ದೇವೆ ಅಂತ ಲೆಕ್ಕ ಕೊಡಬಹುದು. ಒಂದು ಮಗುವಿನ ಕಥೆ ಹೇಳಬಹುದು. ಕಲಿಕೆಯನ್ನು ಅಳೆದು ಫಲಿತಾಂಶ ಮುಂದಿಡಬಹುದು. ಸ್ಪರ್ಧೆಗೆ ಇಳಿದು ಬಹುಮಾನ ಗೆಲ್ಲಬಹುದು. ಮಾಡಿದ್ದನ್ನೆಲ್ಲ ಉಚಿತವಾಗಿ ತೆರೆದಿಟ್ಟು "ನೀವೇ ಬಳಸಿ ನೋಡಿ" ಅನ್ನಬಹುದು. ಊರಿನವರ ಎದುರು ಮಕ್ಕಳೇ ಮಾಡಿ ತೋರಿಸುವ ಹಾಗೆ ಮಾಡಬಹುದು. ಪ್ರಪಂಚದ ಬೇರೆ ಬೇರೆ ಕಡೆ ಜನ ಈ ಎಲ್ಲ ದಾರಿಗಳನ್ನೂ ತುಳಿದಿದ್ದಾರೆ. ಯಾವುದು ಎಲ್ಲಿಗೆ ಮುಟ್ಟಿತು ಅಂತ ನೋಡಿದರೆ ನಮ್ಮ ಆಯ್ಕೆ ಸುಲಭವಾಗುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಗು ಮೊದಲು ಏನು ಮಾಡಲಾಗುತ್ತಿರಲಿಲ್ಲ, ಈಗ ಏನು ಮಾಡುತ್ತದೆ, ಈ ಯಂತ್ರ ಇಲ್ಲದೆಯೂ ಅಷ್ಟು ಕಲಿಯುತ್ತಿತ್ತಾ, ಇದಕ್ಕೆ ಎಷ್ಟು ಖರ್ಚಾಯಿತು? ಈ ನಾಲ್ಕು ಪ್ರಶ್ನೆಗಳಿಗೆ ಹತ್ತಿರ ಇರುವ ದಾರಿಯೇ ಒಳ್ಳೆಯ ದಾರಿ.

ಯಂತ್ರ ತೋರಿಸುವುದು

ಎಲ್ಲಕ್ಕಿಂತ ಸುಲಭದ ದಾರಿ ಇದು. ಹೊಸ ಸಾಧನವನ್ನು ವೇದಿಕೆಗೆ ತಂದು, ಗಣ್ಯರ ಕೈಯಲ್ಲಿ ಗುಂಡಿ ಒತ್ತಿಸಿ, ಫೋಟೊ ತೆಗೆಸಿದರೆ ಮುಗಿಯಿತು. ಆ ದಿನ ಚಪ್ಪಾಳೆ ಖಂಡಿತ ಸಿಗುತ್ತದೆ.

ಈ ದಾರಿಯಲ್ಲಿ ಅತಿ ದೂರ ಹೋದದ್ದು 'ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್' ಯೋಜನೆ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನ ನಿಕೊಲಸ್ ನೆಗ್ರೊಪಾಂಟೆ 2005ರ ಜನವರಿಯಲ್ಲಿ ದಾವೋಸ್‌ನಲ್ಲಿ ಇದನ್ನು ಮುಂದಿಟ್ಟರು. 100 ಡಾಲರ್‌ಗೆ ಒಂದು ಲ್ಯಾಪ್‌ಟಾಪ್, ಪ್ರತಿ ಬಡ ಮಗುವಿಗೂ ಒಂದು. ಕೇಳಿದವರ ಕಿವಿ ನೆಟ್ಟಗಾಗುವಂಥ ಮಾತು. ಅದೇ ವರ್ಷ ನವೆಂಬರ್‌ನಲ್ಲಿ ಟ್ಯುನಿಸ್ ನಗರದ ವಿಶ್ವಸಂಸ್ಥೆ ಸಮ್ಮೇಳನದಲ್ಲಿ, ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಅವರ ಜೊತೆ ಅದರ ಹಸಿರು ಮಾದರಿಯನ್ನು ತೋರಿಸಿದರು. ಕರೆಂಟ್ ಇಲ್ಲದ ಕಡೆ ಕೈಯಿಂದ ತಿರುಗಿಸಿ ಚಾರ್ಜ್ ಮಾಡಲು ಅದಕ್ಕೊಂದು ಹಿಡಿಕೆ ಇತ್ತು. ಆ ಹಿಡಿಕೆ ವೇದಿಕೆಯ ಮೇಲೇ ಮುರಿದು ಬಂತು. 2007ರಲ್ಲಿ ನಿಜವಾದ ಯಂತ್ರ ಹೊರಬಂದಾಗ ಆ ಹಿಡಿಕೆ ಇರಲಿಲ್ಲ. ಬೆಲೆ 180 ಡಾಲರ್ ದಾಟಿತ್ತು.

ಬೆಲೆ ಏರಿದ್ದು ದೊಡ್ಡ ತೊಂದರೆಯಲ್ಲ. ಹೇಳಿದ ಮಾತೇ ತೊಂದರೆ ತಂದಿತು. ಲ್ಯಾಪ್‌ಟಾಪ್ ಕೈಗೆ ಬಂದರೆ ಮಗು ತಾನೇ ಕಲಿಯುತ್ತದೆ ಅನ್ನುವುದು ಆ ಪ್ರಚಾರದ ತಿರುಳಾಗಿತ್ತು. ದಕ್ಷಿಣ ಅಮೆರಿಕದ ಪೆರು ದೇಶ 8 ಲಕ್ಷಕ್ಕೂ ಹೆಚ್ಚು ಯಂತ್ರ ಕೊಂಡಿತು. ಇಂಟರ್ ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕ್‌ನ ಸಂಶೋಧಕರು ಅಲ್ಲಿನ 319 ಹಳ್ಳಿ ಶಾಲೆಗಳನ್ನು ಅಧ್ಯಯನ ಮಾಡಿ 2012ರಲ್ಲಿ ಫಲಿತಾಂಶ ಕೊಟ್ಟರು. ಯೋಜನೆ ತಲುಪಿದ ಶಾಲೆಗಳಲ್ಲಿ ಒಂದು ಮಗುವಿಗೆ ಒಂದಕ್ಕಿಂತ ಹೆಚ್ಚು ಕಂಪ್ಯೂಟರ್ ಇತ್ತು. ಗಣಿತ ಮತ್ತು ಭಾಷೆಯ ಅಂಕ ಮಾತ್ರ ಏರಿರಲಿಲ್ಲ. ಯೋಚನಾ ಶಕ್ತಿಯ ಕೆಲವು ಪರೀಕ್ಷೆಗಳಲ್ಲಿ ಸ್ವಲ್ಪ ಸುಧಾರಣೆ ಕಂಡಿತ್ತು, ಅಷ್ಟೇ. ಭಾರತದ ಮಾನವ ಸಂಪನ್ಮೂಲ ಸಚಿವಾಲಯ 2006ರಲ್ಲೇ ಈ ಯೋಜನೆ ಬೇಡ ಎಂದಿತ್ತು.

ಅದೇ ಯಂತ್ರವನ್ನು ಕೊಂಡ ಉರುಗ್ವೆ ದೇಶದ ಕಥೆ ಬೇರೆ. ಅದರಿಂದ ಕಲಿಯುವುದು ಜಾಸ್ತಿ ಇದೆ. ಅಲ್ಲಿ 2007ರಲ್ಲಿ 'ಪ್ಲಾನ್ ಸೆಯ್ಬಾಲ್' ಶುರುವಾಯಿತು. 2009ರ ಹೊತ್ತಿಗೆ ಸರ್ಕಾರಿ ಪ್ರಾಥಮಿಕ ಶಾಲೆಯ ಎಲ್ಲ ಮಕ್ಕಳಿಗೂ ಲ್ಯಾಪ್‌ಟಾಪ್ ತಲುಪಿತು. ಸರ್ಕಾರ ಅದನ್ನು ಮುಖ್ಯವಾಗಿ ಸಮಾನತೆಯ ಯೋಜನೆ ಅಂತ ಜನರ ಮುಂದಿಟ್ಟಿತು. ಬಡವರ ಮನೆಯ ಮಗುವಿಗೂ ಶ್ರೀಮಂತರ ಮನೆಯ ಮಗುವಿಗೂ ಒಂದೇ ಯಂತ್ರ, ಶಾಲೆಗೆ ಇಂಟರ್‌ನೆಟ್. ಆ ಮಾತನ್ನು ಉಳಿಸಿಕೊಂಡಿತು. ಅಲ್ಲೂ ಮೊದಲ ವರ್ಷಗಳ ಅಧ್ಯಯನದಲ್ಲಿ ಓದು, ಗಣಿತದ ಅಂಕ ಏರಿರಲಿಲ್ಲ. ಆದರೂ ಯೋಜನೆ ಬಿದ್ದುಹೋಗಲಿಲ್ಲ, ಏಕೆಂದರೆ ಜನರಿಗೆ ಕೊಟ್ಟಿದ್ದ ಮಾತು ಬೇರೆಯಾಗಿತ್ತು. ಆಮೇಲೆ ಅದೇ ಜಾಲದ ಮೇಲೆ 2012ರಿಂದ ವಿಡಿಯೊ ಮೂಲಕ ದೂರದ ಶಿಕ್ಷಕರಿಂದ ಇಂಗ್ಲಿಷ್ ಪಾಠ ಶುರುವಾಯಿತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಆ ಜಾಲ ಕೈಯಲ್ಲೇ ಇತ್ತು.

ಹಾಗಾಗಿ ಯಂತ್ರ ತೋರಿಸಲೇಬೇಕೆಂದರೆ ತೋರಿಸಿ. ಆದರೆ ಯಂತ್ರದ ಪಕ್ಕದಲ್ಲಿ ನೀವು ಹೇಳುವ ಮಾತಿನ ಬಗ್ಗೆ ಎಚ್ಚರ ಇರಲಿ. ಜನ ಮುಂದೆ ನಿಮ್ಮನ್ನು ಅಳೆಯುವುದು ಆ ಮಾತಿನಿಂದಲೇ.

ಎಷ್ಟು ಜನರನ್ನು ಮುಟ್ಟಿದೆವು ಅನ್ನುವ ಲೆಕ್ಕ

ಡೌನ್‌ಲೋಡ್ ಇಷ್ಟು, ಶಾಲೆಗಳು ಇಷ್ಟು, ನೋಡಿದ ನಿಮಿಷ ಇಷ್ಟು. ವರದಿ ಬರೆಯಲು ಇದಕ್ಕಿಂತ ಸಲೀಸಾದದ್ದು ಇಲ್ಲ. ದಾನಿಗಳೂ ಇದನ್ನೇ ಮೊದಲು ಕೇಳುತ್ತಾರೆ. ಆದರೆ ಮುಟ್ಟುವುದಕ್ಕೂ ಕಲಿಯುವುದಕ್ಕೂ ನಡುವೆ ದೊಡ್ಡ ಅಂತರ ಇದೆ.

ನಮ್ಮ ದೇಶದ್ದೇ ಅಂಕಿ ನೋಡಿ. ಹಳ್ಳಿ ಮಕ್ಕಳ ಓದು, ಲೆಕ್ಕವನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿ ಪ್ರಕಾರ ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳಲ್ಲಿ ನೂರಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ನೂರಕ್ಕೆ 57. ಸೋಷಿಯಲ್ ಮೀಡಿಯಾಗೆ ಬಳಸಿದವರು 76. ಫೋನ್ ಮುಟ್ಟಿದೆ ಅನ್ನುವುದರಿಂದ ಪಾಠ ಮುಟ್ಟಿದೆ ಅಂತ ಹೇಳಲಾಗದು, ಅಲ್ವಾ?

ಲೆಕ್ಕ ಕೊಡುವುದಾದರೆ ಬಿಡಿಸಿ ಕೊಡಿ. ಡೌನ್‌ಲೋಡ್ ಮಾಡಿಕೊಂಡವರಲ್ಲಿ ಮೂರು ತಿಂಗಳ ಮೇಲೂ ಬಳಸುತ್ತಿರುವವರು ಎಷ್ಟು? ಹುಡುಗಿಯರು ಎಷ್ಟು? ಅಪ್ಪನ ಫೋನ್ ಸಂಜೆ ಮನೆಗೆ ಬಂದ ಮೇಲೆ ಮಾತ್ರ ಸಿಗುವ ಮಕ್ಕಳು ಎಷ್ಟು? ಯಾರನ್ನು ಮುಟ್ಟಲಿಲ್ಲ ಅನ್ನುವುದನ್ನೂ ಬರೆಯಿರಿ. ಯುನಿಸೆಫ್ ಮತ್ತು ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು 2020ರಲ್ಲಿ ಹೇಳಿದಂತೆ, ಪ್ರಪಂಚದ 3ರಿಂದ 17 ವರ್ಷದ ಮಕ್ಕಳಲ್ಲಿ ಮೂರನೇ ಎರಡು ಪಾಲಿಗೆ, ಅಂದರೆ 130 ಕೋಟಿ ಮಕ್ಕಳಿಗೆ, ಮನೆಯಲ್ಲಿ ಇಂಟರ್‌ನೆಟ್ ಇರಲಿಲ್ಲ. ನಿಮ್ಮ ಕೆಲಸ ಆ ಮಕ್ಕಳಿಗಾಗಿಯೇ ಆಗಿದ್ದರೆ, ಇಂಟರ್‌ನೆಟ್ ಇರುವವರ ಎಣಿಕೆ ತೋರಿಸಿ ಪ್ರಯೋಜನವಿಲ್ಲ.

ಒಂದು ಮಗುವಿನ ಕಥೆ

ಕಥೆಗೆ ಇರುವ ಶಕ್ತಿ ಅಂಕಿಗೆ ಇಲ್ಲ. 1999ರಲ್ಲಿ ಕಂಪ್ಯೂಟರ್ ತರಬೇತಿ ಕಂಪನಿ ಎನ್‌ಐಐಟಿಯ ಸಂಶೋಧಕ ಸುಗತ ಮಿತ್ರ ದೆಹಲಿಯ ಕಾಲ್ಕಾಜಿಯಲ್ಲಿ ತಮ್ಮ ಕಚೇರಿಯ ಗೋಡೆಗೆ ಒಂದು ಕಂಪ್ಯೂಟರ್ ಕೂರಿಸಿದರು. ಆಚೆ ಬದಿಯ ಕೊಳೆಗೇರಿಯ ಮಕ್ಕಳು ಯಾರ ಸಹಾಯವೂ ಇಲ್ಲದೆ ಅದನ್ನು ಬಳಸಲು ಕಲಿತರು. ಗೋಡೆಯಲ್ಲೊಂದು ಕಿಂಡಿ, ಅದರ ಮುಂದೆ ಬರಿಗಾಲಿನ ಮಕ್ಕಳು. ಈ ಚಿತ್ರ ಪ್ರಪಂಚ ಸುತ್ತಿತು. 2013ರಲ್ಲಿ ಅವರಿಗೆ 10 ಲಕ್ಷ ಡಾಲರ್‌ನ ಟೆಡ್ ಬಹುಮಾನವೂ ಬಂತು.

ಆ ಕಥೆ ಸುಳ್ಳಲ್ಲ. ಮಕ್ಕಳ ಕುತೂಹಲದ ಬಗ್ಗೆ ಅದು ಹೇಳಿದ್ದು ನಿಜ. ಆದರೆ ಕಥೆ ನಿಂತ ಮೇಲೆ ಏನಾಯಿತು? ಸಂಶೋಧಕಿ ಪಾಯಲ್ ಅರೋರಾ ಉತ್ತರಾಖಂಡದಲ್ಲಿ ಇಂಥದೇ ಕಿಂಡಿಗಳನ್ನು ಹುಡುಕಿಕೊಂಡು ಹೋಗಿ, ಅವು ಕೆಲಸ ಮಾಡದೆ ನಿಂತಿದ್ದನ್ನು 2010ರಲ್ಲಿ ಬರೆದರು. ಕಂಪ್ಯೂಟರ್ ನೋಡಿಕೊಳ್ಳುವವರು ಯಾರು, ಕರೆಂಟ್ ಬಿಲ್ ಕಟ್ಟುವವರು ಯಾರು, ಊರಿನವರು ಇದನ್ನು ತಮ್ಮದು ಅಂದುಕೊಂಡಿದ್ದಾರಾ ಅನ್ನುವುದಕ್ಕೆಲ್ಲ ಆ ಸುಂದರ ಚಿತ್ರದಲ್ಲಿ ಜಾಗ ಇರಲಿಲ್ಲ.

ಕಥೆ ಬಳಸಿ, ಆದರೆ ಮೂರು ವಿಷಯ ನೋಡಿಕೊಳ್ಳಿ. ಅತಿ ಜಾಣ ಮಗುವನ್ನು ಆರಿಸಬೇಡಿ. ನಡುವಿನ ಮಗುವನ್ನು ಆರಿಸಿ. "ನಮ್ಮ 60 ಮಕ್ಕಳಲ್ಲಿ 25 ಮಂದಿ ಈ ಹುಡುಗಿಯ ಹಾಗೆ ಮುಂದೆ ಬಂದರು" ಅನ್ನುವಂಥ ಒಂದು ವಾಕ್ಯ ಕಥೆಯ ಜೊತೆಗಿರಲಿ, ಆ ಲೆಕ್ಕ ನಿಮ್ಮ ರಿಜಿಸ್ಟರ್‌ನಿಂದ ಬಂದಿರಲಿ. ಮೂರನೆಯದು ಮಗುವಿನ ಮಾನದ ವಿಷಯ. "ಏನೂ ಬಾರದ ಮಗು" ಅಂತ ತೋರಿಸಿ ಮರುಕ ಹುಟ್ಟಿಸಿ ಹಣ ಕೇಳುವ ವಿಡಿಯೊಗಳನ್ನು ನೋಡಿದರೆ ನನಗೆ ನೋವಾಗುತ್ತದೆ. ಆ ಮಗು ನಾಳೆ ದೊಡ್ಡದಾಗಿ ಅದನ್ನು ನೋಡುತ್ತದೆ. ಅದರ ಗೆಳೆಯರೂ ನೋಡುತ್ತಾರೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ, 18 ವರ್ಷದೊಳಗಿನವರ ಮಾಹಿತಿಗೆ ತಂದೆತಾಯಿಯ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು ಅನ್ನುತ್ತದೆ. ಕಾಯ್ದೆ ಇರಲಿ ಬಿಡಲಿ, ಅಮ್ಮನಿಗೆ ಆ ವಿಡಿಯೊ ಮೊದಲು ತೋರಿಸಿ. ಅವರು ಹೂಂ ಅಂದರೆ ಮಾತ್ರ ಹೊರಗೆ ಬಿಡಿ.

ಅಳೆದು ಹೇಳುವುದು

ನನಗೆ ಹೆಚ್ಚು ನಂಬಿಕೆ ಇರುವ ದಾರಿ ಇದು. ಅತಿ ಕಡಿಮೆ ಜನ ತುಳಿಯುವುದೂ ಇದನ್ನೇ. ಯುನೆಸ್ಕೊದ 2023ರ ಜಾಗತಿಕ ಶಿಕ್ಷಣ ವರದಿಯಲ್ಲಿ ಒಂದು ಮಾತಿದೆ. ಬ್ರಿಟನ್ನಿನ ಶಿಕ್ಷಣ ತಂತ್ರಜ್ಞಾನ ಕಂಪನಿಗಳಲ್ಲಿ ನೂರಕ್ಕೆ 7 ಮಾತ್ರ ಪಕ್ಕಾ ಹೋಲಿಕೆಯ ಪ್ರಯೋಗ ಮಾಡಿ ನೋಡಿದ್ದವು. ಕೊಳ್ಳುವವರೂ ಕೇಳುತ್ತಿರಲಿಲ್ಲ. ಅಮೆರಿಕದ 17 ರಾಜ್ಯಗಳ ಶಿಕ್ಷಕರು, ಆಡಳಿತಗಾರರಲ್ಲಿ ತಜ್ಞರು ಪರಿಶೀಲಿಸಿದ ಪುರಾವೆ ಬೇಕೆಂದವರು ನೂರಕ್ಕೆ 11.

ಹೋಲಿಕೆಯ ಪ್ರಯೋಗ ಅಂದರೆ ಇಷ್ಟೇ. ಚೀಟಿ ಎತ್ತಿ ಅರ್ಧ ಮಕ್ಕಳಿಗೆ ಹೊಸದನ್ನು ಕೊಡುವುದು, ಉಳಿದವರು ಹಳೆಯ ರೀತಿಯಲ್ಲೇ ಕಲಿಯುವುದು. ಕೊನೆಗೆ ಇಬ್ಬರಿಗೂ ಒಂದೇ ಪರೀಕ್ಷೆ. ಭಾರತ ಈ ವಿಷಯದಲ್ಲಿ ಪ್ರಪಂಚಕ್ಕೆ ಬಹಳ ಕಲಿಸಿದೆ.

ವಡೋದರಾದಲ್ಲಿ ಪ್ರಥಮ್ ಸಂಸ್ಥೆ ನಾಲ್ಕನೇ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ ಕಂಪ್ಯೂಟರ್‌ನಲ್ಲಿ ಗಣಿತದ ಆಟ ಆಡಿಸಿತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಅದನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಗಣಿತದ ಅಂಕ ಚೆನ್ನಾಗಿ ಏರಿತ್ತು. ಕಾರ್ಯಕ್ರಮ ನಿಂತ ಒಂದು ವರ್ಷದ ಮೇಲೆ ಆ ಲಾಭದ ಹೆಚ್ಚಿನ ಪಾಲು ಕರಗಿಹೋಗಿತ್ತು. ಎರಡನ್ನೂ ಅವರು ಹೇಳಿದರು.

ಗುಜರಾತಿನಲ್ಲೇ ಜ್ಞಾನಶಾಲಾ ಸಂಸ್ಥೆಯ ತರಗತಿಗಳಲ್ಲಿ ಲೇ ಲಿಂಡನ್ ಮಾಡಿದ ಅಧ್ಯಯನ ಇನ್ನೂ ಉಪಯುಕ್ತ. ಅದೇ ತಂತ್ರಾಂಶವನ್ನು ಎರಡು ರೀತಿ ಕೊಟ್ಟರು. ಕೆಲವು ಕಡೆ ಶಾಲೆಯ ಹೊತ್ತಿನಲ್ಲೇ, ಶಿಕ್ಷಕಿಯ ಪಾಠದ ಸಮಯ ತೆಗೆದುಕೊಂಡು. ಕೆಲವು ಕಡೆ ಶಾಲೆ ಬಿಟ್ಟ ಮೇಲೆ, ಪಾಠದ ಜೊತೆಗೆ ಹೆಚ್ಚುವರಿಯಾಗಿ. ಮೊದಲ ರೀತಿಯಲ್ಲಿ ಮಕ್ಕಳು ಹೋಲಿಕೆಯ ಮಕ್ಕಳಿಗಿಂತ ಕಡಿಮೆ ಕಲಿತರು. ಎರಡನೆಯದರಲ್ಲಿ ಹೆಚ್ಚು ಕಲಿತರು. ತಂತ್ರಾಂಶ ಒಂದೇ, ಫಲ ಉಲ್ಟಾ. "ನಮ್ಮ ಆ್ಯಪ್ ಒಳ್ಳೆಯದಾ" ಅನ್ನುವ ಪ್ರಶ್ನೆಗಿಂತ "ದಿನದ ಯಾವ ಹೊತ್ತಿನಲ್ಲಿ, ಯಾವುದರ ಬದಲಿಗೆ" ಅನ್ನುವುದು ಮುಖ್ಯ ಅಂತ ಇದು ತೋರಿಸಿತು.

ದೆಹಲಿಯ ಮೈಂಡ್‌ಸ್ಪಾರ್ಕ್ ಕೇಂದ್ರಗಳ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್, ಅಲೆಹಾಂದ್ರೊ ಗಾನಿಮಿಯನ್ ಅದನ್ನು ಮಾಡಿದರು. ಪ್ರತಿ ಮಗುವಿನ ಮಟ್ಟಕ್ಕೆ ತಕ್ಕ ಪ್ರಶ್ನೆ ಕೊಡುವ ತಂತ್ರಾಂಶ ಅದು. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಸ್ಟ್ಯಾಂಡರ್ಡ್ ಡಿವಿಯೇಶನ್ ಏರಿಕೆ.

ಇಲ್ಲಿ ಸ್ವಲ್ಪ ನಿಲ್ಲೋಣ. "0.37 ಸ್ಟ್ಯಾಂಡರ್ಡ್ ಡಿವಿಯೇಶನ್" ಅಂತ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಹೇಳಿದರೆ ಯಾರಿಗೂ ಅರ್ಥವಾಗದು, ಆಗಬೇಕಾಗಿಯೂ ಇಲ್ಲ. ಹೀಗೆ ಹೇಳಿ: ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿ. ಸರಿಯಾಗಿ ನಡುವೆ ನಿಂತಿದ್ದ ಮಗು ಈ ಪಾಠದಿಂದ ಸುಮಾರು 14 ಮಕ್ಕಳನ್ನು ದಾಟಿ ಮುಂದೆ ಬಂತು. ಈ ಮಾತು ಯಾರಿಗಾದರೂ ತಿಳಿಯುತ್ತದೆ, ಮತ್ತು ಸತ್ಯಕ್ಕೂ ಹತ್ತಿರ ಇದೆ.

ಆ ಅಧ್ಯಯನದಲ್ಲಿ ಇನ್ನೂ ಎರಡು ವಿಷಯ ಇವೆ. ಮಕ್ಕಳು ಪ್ರತಿ ಬಾರಿ 90 ನಿಮಿಷ ಕೂರುತ್ತಿದ್ದರು. ಅದರಲ್ಲಿ ಅರ್ಧ ಕಂಪ್ಯೂಟರ್, ಇನ್ನರ್ಧ ಒಬ್ಬರು ಸಣ್ಣ ಗುಂಪಿಗೆ ಮಾಡುವ ಪಾಠ. ಹಾಗಾಗಿ ಲಾಭವೆಲ್ಲ ತಂತ್ರಾಂಶದ್ದು ಅನ್ನುವ ಹಾಗಿಲ್ಲ. ಎರಡನೆಯದು ಪೋಷಕರಿಗೆ ಮೊದಲೇ ಹೇಳಿಬಿಡಬೇಕಾದ ವಿಷಯ. ಶಾಲೆಯ ಪರೀಕ್ಷೆಯಲ್ಲಿ ಹಿಂದಿ ಅಂಕ ಏರಿತು, ಗಣಿತದ ಅಂಕದಲ್ಲಿ ಆ ಲಾಭ ಕಾಣಲಿಲ್ಲ. ಏಕೆ? ಮಕ್ಕಳು ತಮ್ಮ ತರಗತಿಗಿಂತ ಹಲವು ವರ್ಷ ಹಿಂದಿದ್ದರು. ತಂತ್ರಾಂಶ ಅವರಿಗೆ ಬೇಕಾದ ಕೆಳಗಿನ ಮಟ್ಟದ ಲೆಕ್ಕ ಕಲಿಸಿತು. ಶಾಲೆಯ ಪ್ರಶ್ನೆಪತ್ರಿಕೆ ಮೇಲಿನ ಮಟ್ಟದ್ದು. ಅಪ್ಪ ಮಾರ್ಕ್ಸ್ ಕಾರ್ಡ್ ನೋಡಿ "ಏನೂ ಬದಲಾಗಿಲ್ಲ" ಅನ್ನುವ ದಿನ ಬಂದೇ ಬರುತ್ತದೆ. ಅವರಿಗೆ ಇದನ್ನು ಮೊದಲ ಸಭೆಯಲ್ಲೇ ವಿವರಿಸಿದರೆ ಮಗು ಮಧ್ಯೆ ಬಿಟ್ಟುಹೋಗುವುದು ತಪ್ಪುತ್ತದೆ.

ಇಷ್ಟು ದೊಡ್ಡ ಅಧ್ಯಯನ ಸಣ್ಣ ತಂಡಕ್ಕೆ ಆಗದ ಮಾತು, ನಿಜ. ಹಣ ಬೇಕು, ವಿಶ್ವವಿದ್ಯಾಲಯದವರು ಬೇಕು. ಆದರೆ ಕೈಗೆಟುಕುವ ಅಳತೆಯೂ ಇದೆ. ಅಸರ್‌ನ ಓದಿನ ಹಾಳೆ ಕನ್ನಡದಲ್ಲೂ ಸಿಗುತ್ತದೆ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಗಣಿತದಲ್ಲಿ ಸಂಖ್ಯೆ ಗುರುತಿಸುವುದು, ದಶಕ ತೆಗೆದು ಕಳೆಯುವುದು, ಭಾಗಾಕಾರ. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು. ಶಾಲೆ ಶುರುವಾದ ಜೂನ್‌ನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ಮಾಡಿ. ನಿಮ್ಮ ಶಾಲೆಯಲ್ಲಿ ಮಾತ್ರ ಅಲ್ಲ, ಪಕ್ಕದ ಊರಿನ ಅಂಥದೇ ಇನ್ನೊಂದು ಶಾಲೆಯಲ್ಲೂ ಮಾಡಿ. ಮಕ್ಕಳು ಎಂಟು ತಿಂಗಳಲ್ಲಿ ಹೇಗೂ ಸ್ವಲ್ಪ ಕಲಿಯುತ್ತಾರೆ, ಅದನ್ನು ನಿಮ್ಮ ಖಾತೆಗೆ ಹಾಕಿಕೊಳ್ಳಬಾರದು. ಟ್ಯಾಬ್ ಎಲ್ಲ ಶಾಲೆಗೂ ಸಾಲದಿದ್ದರೆ ಇನ್ನೂ ಒಳ್ಳೆಯದು. ಎಲ್ಲರೆದುರು ಚೀಟಿ ಎತ್ತಿ, ಅರ್ಧ ಶಾಲೆಗೆ ಈ ವರ್ಷ, ಉಳಿದದ್ದಕ್ಕೆ ಮುಂದಿನ ವರ್ಷ ಅಂತ ಮಾಡಿ. ನ್ಯಾಯವೂ ಆಯಿತು, ಹೋಲಿಕೆಯೂ ಆಯಿತು. ಪರೀಕ್ಷೆ ಮಾಡುವವರು ಮಾತ್ರ ನಿಮ್ಮ ತಂಡದವರಾಗಿರಬಾರದು. ಹತ್ತಿರದ ಡಿಎಡ್ ಕಾಲೇಜಿನ ವಿದ್ಯಾರ್ಥಿಗಳನ್ನು ಕೇಳಿ.

ಸ್ಪರ್ಧೆ, ಬಹುಮಾನ

2014ರಲ್ಲಿ 150 ಲಕ್ಷ ಡಾಲರ್‌ನ ಗ್ಲೋಬಲ್ ಲರ್ನಿಂಗ್ ಎಕ್ಸ್‌ಪ್ರೈಜ್ ಘೋಷಣೆಯಾಯಿತು. ಹಣ ಎಲಾನ್ ಮಸ್ಕ್ ಅವರದು. ಶಿಕ್ಷಕರಿಲ್ಲದ ಕಡೆ ಮಕ್ಕಳು ತಾವೇ ಓದು, ಬರಹ, ಲೆಕ್ಕ ಕಲಿಯುವಂಥ ತಂತ್ರಾಂಶ ಮಾಡಬೇಕು ಅನ್ನುವುದು ಷರತ್ತು. ಐದು ತಂಡಗಳು ಕೊನೆಯ ಸುತ್ತಿಗೆ ಬಂದವು. ಅದರಲ್ಲಿ ಬೆಂಗಳೂರಿನ ಚಿಂಪಲ್ ಕೂಡ ಒಂದು. ಟಾಂಜಾನಿಯಾದ ಟಾಂಗಾ ಪ್ರದೇಶದ ಸುಮಾರು 170 ಹಳ್ಳಿಗಳಲ್ಲಿ 15 ತಿಂಗಳು ಸ್ವಾಹಿಲಿ ಭಾಷೆಯಲ್ಲಿ ಪರೀಕ್ಷೆ ನಡೆಯಿತು. ಮೊದಲು ನೂರಕ್ಕೆ 90ಕ್ಕೂ ಹೆಚ್ಚು ಮಕ್ಕಳಿಗೆ ಸ್ವಾಹಿಲಿಯ ಒಂದು ಪದವನ್ನೂ ಓದಲು ಬರುತ್ತಿರಲಿಲ್ಲ. ಕೊನೆಗೆ ಅಂಥವರ ಸಂಖ್ಯೆ ಅರ್ಧಕ್ಕೆ ಇಳಿಯಿತು. 2019ರಲ್ಲಿ ಒನ್‌ಬಿಲಿಯನ್ ಮತ್ತು ಕಿಟ್‌ಕಿಟ್ ಸ್ಕೂಲ್ ತಂಡಗಳು ಸಮವಾಗಿ ಗೆದ್ದವು.

ಬಹುಮಾನಕ್ಕಿಂತ ಬಹುಮಾನ ಕೊಟ್ಟ ರೀತಿ ಇಲ್ಲಿ ದೊಡ್ಡದು. ಹಳ್ಳಿಯಲ್ಲಿ ತಿಂಗಳುಗಟ್ಟಲೆ ಮಕ್ಕಳ ಕೈಯಲ್ಲಿಟ್ಟು ನೋಡಿದರು. ಹಾಗಾಗಿಯೇ ಆ ಗೆಲುವಿಗೆ ತೂಕ ಬಂತು. ಒನ್‌ಬಿಲಿಯನ್‌ನ ತಂತ್ರಾಂಶ ಆಮೇಲೆ ಮಲಾವಿ ದೇಶದ ಪ್ರಾಥಮಿಕ ಶಾಲೆಗಳಿಗೆ ಸೌರಶಕ್ತಿಯ ಟ್ಯಾಬ್‌ಗಳಲ್ಲಿ ಹರಡತೊಡಗಿತು. ದೊಡ್ಡ ಹೋಟೆಲಿನ ಸಭಾಂಗಣದಲ್ಲಿ ಐದು ನಿಮಿಷದ ಸ್ಲೈಡ್ ನೋಡಿ ಕೊಡುವ ಪ್ರಶಸ್ತಿಗಳೂ ಬಹಳ ಇವೆ. ಅವುಗಳಿಗೆ ಅರ್ಜಿ ಹಾಕಲು ವಾರಗಟ್ಟಲೆ ಕೂರುವ ಮುಂಚೆ, ತೀರ್ಪುಗಾರರು ಮಕ್ಕಳನ್ನು ನೋಡುತ್ತಾರಾ ಅಂತ ಕೇಳಿ. ಇಲ್ಲ ಅಂದರೆ ಆ ಸಮಯವನ್ನು ಶಾಲೆಗೆ ಕೊಡಿ.

ತೆರೆದಿಡುವುದು

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು, ಸಾಕ್ಷರತಾ ದಿನದಂದು, ಸ್ಟೋರಿವೀವರ್ ಶುರು ಮಾಡಿತು. ಮಕ್ಕಳ ಕಥೆ ಪುಸ್ತಕಗಳನ್ನು ಯಾರು ಬೇಕಾದರೂ ಓದಬಹುದು, ಮುದ್ರಿಸಬಹುದು, ತಮ್ಮ ಭಾಷೆಗೆ ತರಬಹುದು. ಇಂದು ಅದರಲ್ಲಿ 300ಕ್ಕೂ ಹೆಚ್ಚು ಭಾಷೆಗಳಿವೆ. ಶಾಲೆಯಲ್ಲಿ ಜಾಗ ಸಿಗದ ಎಷ್ಟೋ ಸಣ್ಣ ಭಾಷೆಗಳ ಮಕ್ಕಳಿಗೆ ತಮ್ಮ ಮಾತಿನಲ್ಲಿ ಒಂದು ಚಿತ್ರಪುಸ್ತಕ ಸಿಕ್ಕಿತು. ಬೇರೆ ದೇಶದವರು ತಾವಾಗಿ ಬಂದು ಅನುವಾದ ಮಾಡುವುದೇ ಆ ಕೆಲಸದ ಬೆಲೆಯನ್ನು ಹೇಳುತ್ತದೆ.

2017ರ ಶಿಕ್ಷಕರ ದಿನಾಚರಣೆಯಂದು ಶುರುವಾದ ದೀಕ್ಷಾ, ಅಂದರೆ ಕೇಂದ್ರ ಸರ್ಕಾರದ ಶಾಲಾ ಪಾಠಗಳ ಆನ್‌ಲೈನ್ ವೇದಿಕೆ, ನಿಂತಿರುವುದೂ ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ ಕಟ್ಟಿ ತೆರೆದಿಟ್ಟ ಸನ್‌ಬರ್ಡ್ ತಂತ್ರಾಂಶದ ಮೇಲೆ. ಇಂಟರ್‌ನೆಟ್ ಇಲ್ಲದ ಶಾಲೆಗಳಿಗೆಂದೇ ಮಾಡಿದ ಕೋಲಿಬ್ರಿ ತಂತ್ರಾಂಶ ಕೂಡ ಉಚಿತ. ನಿಮ್ಮ ಉದ್ದೇಶ ಬೇರೆ ರಾಜ್ಯ, ಬೇರೆ ದೇಶದವರನ್ನು ಮುಟ್ಟುವುದಾದರೆ ಈ ದಾರಿಗೆ ಸಮ ಬೇರಿಲ್ಲ. ಆದರೆ ತೆರೆದಿಟ್ಟ ಮಾತ್ರಕ್ಕೆ ಜನ ಬರುವುದಿಲ್ಲ. ಬಳಸುವುದು ಹೇಗೆ ಅಂತ ಬರೆದಿಡಬೇಕು, ಕೇಳಿದವರಿಗೆ ಉತ್ತರಿಸಬೇಕು. ಅದಕ್ಕೆ ಒಬ್ಬರ ಸಂಬಳವನ್ನಾದರೂ ಮೊದಲೇ ತೆಗೆದಿಡಿ.

ಊರಿನ ಮುಂದೆ ಮಕ್ಕಳೇ

ಬೆಂಗಳೂರಿನ ಅಕ್ಷರ ಫೌಂಡೇಶನ್ ಕರ್ನಾಟಕದ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆ ನಡೆಸುತ್ತದೆ. ನಾಲ್ಕು, ಐದು, ಆರನೇ ತರಗತಿಯ ಸರ್ಕಾರಿ ಶಾಲೆ ಮಕ್ಕಳು ಒಂದೇ ಕಡೆ ಕೂತು ಪರೀಕ್ಷೆ ಬರೆಯುತ್ತಾರೆ. ಪಂಚಾಯಿತಿ ಸದಸ್ಯರು, ತಾಯಂದಿರು ಅಲ್ಲೇ ಇರುತ್ತಾರೆ. ಬಹುಮಾನ, ಊಟಕ್ಕೆ ಊರಿನವರೇ ಕೈಜೋಡಿಸುತ್ತಾರೆ. ಯಾವ ಲೆಕ್ಕದಲ್ಲಿ ಮಕ್ಕಳು ಎಡವುತ್ತಿದ್ದಾರೆ ಅನ್ನುವುದು ಊರಿಗೇ ಗೊತ್ತಾಗುತ್ತದೆ. ಇದೇ ಸಂಸ್ಥೆಯ ಉಚಿತ ಗಣಿತ ಆ್ಯಪ್ ಬಿಲ್ಡಿಂಗ್ ಬ್ಲಾಕ್ಸ್, ಕಡಿಮೆ ಬೆಲೆಯ ಫೋನಿನಲ್ಲೂ ಇಂಟರ್‌ನೆಟ್ ಇಲ್ಲದೆ ನಡೆಯುತ್ತದೆ. ಭಾಗಾಕಾರ ಬಾರದ ಮಗುವಿನ ಅಮ್ಮನಿಗೆ ಆ ದಿನ "ಫೋನಿನಲ್ಲಿ ಇದನ್ನು ಅಭ್ಯಾಸ ಮಾಡಿಸಿ" ಅಂತ ಹೇಳಿದರೆ ಅದು ಪ್ರಚಾರ ಅನ್ನಿಸುವುದಿಲ್ಲ, ಬೇಕಾಗಿದ್ದ ಸಹಾಯ ಅನ್ನಿಸುತ್ತದೆ.

ಇದನ್ನು ದೂರದ ದಾನಿಗೆ ತೋರಿಸುವುದು ಕಷ್ಟ, ಆದರೆ ಊರಿನಲ್ಲಿ ನಂಬಿಕೆ ಹುಟ್ಟಿಸಲು ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಸೋತ ಮಗುವಿಗೆ ಅವಮಾನ ಆಗದ ಹಾಗೆ ನಡೆಸಬೇಕು. ಕೊನೆಯ ಸ್ಥಾನಗಳನ್ನು ಓದಬೇಡಿ.

ಯಾರ ಮುಂದೆ ಯಾವುದು

ಪೋಷಕರ ಮುಂದೆ ಮಗುವೇ ಓದಲಿ. ಸ್ಲೈಡ್ ಬೇಡ. ಜೂನ್‌ನಲ್ಲಿ ಬಾರದಿದ್ದ ಪ್ಯಾರಾವನ್ನು ಈಗ ಓದುವುದನ್ನು ಕೇಳಿದರೆ ಅಮ್ಮನಿಗೆ ಬೇರೆ ಸಾಕ್ಷಿ ಬೇಕಿಲ್ಲ. ಅವರ ಭಯಗಳಿಗೂ ಉತ್ತರ ಇಟ್ಟುಕೊಳ್ಳಿ: ಕಣ್ಣು ಹಾಳಾಗುತ್ತಾ, ಫೋನಿನ ಚಟ ಹತ್ತುತ್ತಾ, ಡೇಟಾ ಖರ್ಚು ಎಷ್ಟು.

ಶಿಕ್ಷಕರ ಮನಸ್ಸಿನಲ್ಲಿರುವುದು ಬೇರೆ ಪ್ರಶ್ನೆ. ಇದು ನನ್ನ ಕೆಲಸ ಕಡಿಮೆ ಮಾಡುತ್ತದಾ, ಇನ್ನೊಂದು ದಾಖಲೆ ಬರೆಯುವ ಹೊರೆ ತರುತ್ತದಾ, ನನ್ನ ಜಾಗವನ್ನೇ ಕಿತ್ತುಕೊಳ್ಳುತ್ತದಾ? ಗುಜರಾತಿನ ಆ ಅಧ್ಯಯನವನ್ನು ಅವರಿಗೆ ಹೇಳಿ. ಶಿಕ್ಷಕಿಯ ಹೊತ್ತನ್ನು ಕಿತ್ತುಕೊಂಡಲ್ಲಿ ಮಕ್ಕಳ ಕಲಿಕೆಯೇ ಕುಸಿಯಿತು. ನಲಿ-ಕಲಿ ತರಗತಿಯ ಶಿಕ್ಷಕಿಗೆ ಮಟ್ಟಕ್ಕೆ ತಕ್ಕ ಗುಂಪು ಹೊಸದಲ್ಲ. ನಿಮ್ಮ ತಂತ್ರಾಂಶ ಆ ಗುಂಪು ಮಾಡುವುದಕ್ಕೆ ಹೇಗೆ ನೆರವಾಗುತ್ತದೆ ಅಂತ ತೋರಿಸಿ, ಮತ್ತು ತಂತ್ರಾಂಶ ಕಟ್ಟುವಾಗಲೇ ಅವರನ್ನು ಕೇಳಿ.

ಇಲಾಖೆಯವರಿಗೆ ಎರಡು ಪುಟ ಸಾಕು. ಜೂನ್ ಮತ್ತು ಫೆಬ್ರವರಿಯ ಅಂಕಿ, ಹೋಲಿಕೆ ಶಾಲೆಯ ಅಂಕಿ, ಒಂದು ಮಗುವಿಗೆ ವರ್ಷದ ಖರ್ಚು, ಮತ್ತು ನೀವು ಇಲ್ಲದಾಗ ಇದನ್ನು ಯಾರು ನಡೆಸುತ್ತಾರೆ. ಸಿಆರ್‌ಪಿ (ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಒಮ್ಮೆ ಬಂದು ತರಗತಿ ನೋಡಿದ್ದರೆ ಆ ಎರಡು ಪುಟಕ್ಕೆ ಬಲ ಬರುತ್ತದೆ.

ಸಿಎಸ್‌ಆರ್ ಹಣ ಕೊಡುವವರಿಗೆ, ಹೊರದೇಶದಲ್ಲಿದ್ದುಕೊಂಡು ತಮ್ಮೂರ ಶಾಲೆಗೆ ಏನಾದರೂ ಮಾಡಬೇಕೆನ್ನುವ ಕನ್ನಡಿಗರಿಗೆ, ಯಂತ್ರ ಕೊಡಿಸುವುದೇ ಮೊದಲು ನೆನಪಾಗುತ್ತದೆ. ಅದು ಕಣ್ಣಿಗೆ ಕಾಣುತ್ತದೆ, ಹೆಸರು ಬರೆಸಬಹುದು. ಅವರ ಪ್ರೀತಿ ದೊಡ್ಡದು, ಅದನ್ನು ಸರಿಯಾದ ಕಡೆ ತಿರುಗಿಸುವುದು ನಿಮ್ಮ ಕೆಲಸ. ಪೆರುವಿನ ಕಥೆಯನ್ನು ಹೇಳಿ. ಸ್ಮಾರ್ಟ್ ಬೋರ್ಡ್ ಕೊಳ್ಳುವ ಹಣದಲ್ಲಿ ಒಬ್ಬ ಸ್ಥಳೀಯ ಯುವತಿಗೆ ಸಂಜೆ ತರಗತಿ ನೋಡಿಕೊಳ್ಳಲು ಎಷ್ಟು ತಿಂಗಳು ಸಂಬಳ ಕೊಡಬಹುದು ಅಂತ ಲೆಕ್ಕ ಹಾಕಿ ಮುಂದಿಡಿ. ಒಂದು ಮಗುವಿನ ಕಥೆ, ಅದರ ಕೆಳಗೆ ಎಲ್ಲ ಮಕ್ಕಳ ಅಂಕಿ, ಅದರ ಕೆಳಗೆ ಈ ಲೆಕ್ಕ.

ಖರ್ಚಿನ ಲೆಕ್ಕದಲ್ಲಿ ಎಲ್ಲವೂ ಬರಲಿ. ಟ್ಯಾಬಿನ ಬೆಲೆ, ಅದು ಎಷ್ಟು ವರ್ಷ ಬಾಳುತ್ತದೆ, ರಿಪೇರಿ, ಬ್ಯಾಟರಿ, ಚಾರ್ಜಿಂಗ್, ತರಬೇತಿ, ನೋಡಿಕೊಳ್ಳುವವರ ಸಂಬಳ. ಇಷ್ಟನ್ನೂ ಕೂಡಿಸಿ ಮಕ್ಕಳ ಸಂಖ್ಯೆಯಿಂದ ಭಾಗಿಸಿ. ಸುಮ್ನೆ "ಆ್ಯಪ್ ಉಚಿತ" ಅಂತ ಬರೆದರೆ ಅನುಭವಿಗಳು ಮುಂದೆ ಓದುವುದಿಲ್ಲ.

ಫಲ ಕಾಣದಿದ್ದರೆ

ಅಳೆಯಲು ಹೊರಟವರಿಗೆಲ್ಲ ಈ ಹೆದರಿಕೆ ಇರುತ್ತದೆ. ಬೋಟ್ಸ್ವಾನಾ ದೇಶದ ಯಂಗ್ ಲವ್ ಸಂಸ್ಥೆ ಏನು ಮಾಡಿತು ನೋಡಿ. 2020ರಲ್ಲಿ ಶಾಲೆ ಮುಚ್ಚಿದಾಗ ಅವರು ಸುಮಾರು 4,500 ಮನೆಗಳ ಜೊತೆ ಪ್ರಯೋಗ ಮಾಡಿದರು. ಕೆಲವರಿಗೆ ವಾರಕ್ಕೊಮ್ಮೆ ಎಸ್‌ಎಂಎಸ್‌ನಲ್ಲಿ ಲೆಕ್ಕ. ಕೆಲವರಿಗೆ ಎಸ್‌ಎಂಎಸ್ ಜೊತೆ ಒಂದು ಫೋನ್ ಕರೆ, ಮಗುವಿನೊಂದಿಗೆ ಆ ಲೆಕ್ಕ ಬಿಡಿಸುವುದಕ್ಕೆ. ಸ್ಮಾರ್ಟ್‌ಫೋನ್ ಬೇಕಿರಲಿಲ್ಲ, ಇಂಟರ್‌ನೆಟ್ ಬೇಕಿರಲಿಲ್ಲ. ಕರೆ ಮಾಡಿದ ಕಡೆ ಕಲಿಕೆ 0.12 ಸ್ಟ್ಯಾಂಡರ್ಡ್ ಡಿವಿಯೇಶನ್ ಏರಿತು, ಅಂದರೆ ನೂರರ ಸಾಲಿನಲ್ಲಿ ನಡುವಿನ ಮಗು ಸುಮಾರು ಐದು ಮಕ್ಕಳನ್ನು ದಾಟಿತು. ಬರೀ ಎಸ್‌ಎಂಎಸ್ ಕಳಿಸಿದ ಕಡೆ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ.

ಎರಡನ್ನೂ ಒಟ್ಟಿಗೆ ಪ್ರಕಟಿಸಿದರು. ಎಸ್‌ಎಂಎಸ್ ಒಂದೇ ಸಾಲದು ಅನ್ನುವ ಆ ಸಾಲಿನಿಂದಲೇ, ಕೆಲಸ ಮಾಡಿದ್ದು ಫೋನಿನ ಆಚೆ ಬದಿಯ ಮನುಷ್ಯರ ಧ್ವನಿ ಅಂತ ಉಳಿದವರಿಗೆ ಗೊತ್ತಾಯಿತು. ಆಮೇಲೆ ಅದೇ ಪ್ರಯೋಗ ಭಾರತ, ಕೀನ್ಯಾ, ನೇಪಾಳ, ಫಿಲಿಪೀನ್ಸ್, ಉಗಾಂಡಾಗಳಲ್ಲೂ ನಡೆಯಿತು. ನಿಮ್ಮ ವರದಿಯಲ್ಲೂ "ಕೆಲಸ ಮಾಡದಿದ್ದದ್ದು" ಅನ್ನುವ ಶೀರ್ಷಿಕೆಗೆ ಅರ್ಧ ಪುಟ ಬಿಡಿ. ಅದನ್ನು ಕೊನೆಗೆ ತಳ್ಳಬೇಡಿ, ಫಲಿತಾಂಶದ ಪಕ್ಕದಲ್ಲೇ ಇಡಿ.